ಹಳೆ ಕೋಳಿಗಳ ನಡುವೆ ಹೊಸ ಮರಿಗಳು



ಮಳೆ ಬಿಟ್ಟ ಕೂಡಲೇ ನಮ್ಮಲ್ಲಿ ಹಲವರು ಗಿರಿರಾಜ, ಗ್ರಾಮಪ್ರಿಯ ಮೊದಲಾದ ತಳಿಗಳ ಮರಿಗಳನ್ನು ಕೊಂಡು ತರುತ್ತಾರೆ. ಮನೆಯಲ್ಲಿ ಊರಕೋಳಿಗಳು ಮೊದಲೇ ಇರುತ್ತವೆ. ಅದೇ ಗೂಡಿಗೆ ಬಿಟ್ಟರಾಯಿತು ಎಂದು ಭಾವಿಸುತ್ತೇವೆ. ನಾವೂ ಒಮ್ಮೆ ಹಾಗೆಯೇ ಮಾಡಿದೆವು. 2 ತಿಂಗಳ 12 ಮರಿಗಳನ್ನು ಶನಿವಾರ ತಂದು ಬಿಟ್ಟು, ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ ಎರಡು ಮರಿಗಳ ತಲೆ ಕುಕ್ಕಿ ರಕ್ತವಾಗಿತ್ತು. ಅವು ಉಳಿಯಲಿಲ್ಲ. ದೊಡ್ಡ ನಷ್ಟ ಬಂದದ್ದು ಆಮೇಲೆ. ವಾರ ಕಳೆಯುವುದರೊಳಗೆ ಉಳಿದ ಮರಿಗಳು ತೂಕಡಿಸಿ, ಹಸಿರು ಹಿಕ್ಕೆ ಹಾಕಿ, ಕತ್ತು ತಿರುಚಿ ಬಿದ್ದವು. ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಳೆ ಕೋಳಿಗಳಿಗೂ ತಗಲಿತು. ಮೊಟ್ಟೆ ಮಾರಿ ಮಕ್ಕಳ ಶಾಲೆಯ ಖರ್ಚಿಗೆ ಕೂಡಿಡುತ್ತಿದ್ದ ದಾರಿ ಆ ವರ್ಷ ಮುಚ್ಚಿತು. ಲಸಿಕೆ ಹಾಕಿದೆ ಎಂದು ಮಾರಿದವರು ಹೇಳಿದ್ದರು. ನಾವು ಮತ್ತೆ ಕೇಳಲಿಲ್ಲ.

ಆದುದರಿಂದ ರೋಗದ ವಿಚಾರವೇ ಮೊದಲು. ಹೊಸ ಮರಿಗಳನ್ನು 3ರಿಂದ 4 ವಾರ ಬೇರೆಯೇ ಇಡತಕ್ಕದ್ದು. ಸೌದೆ ಕೊಟ್ಟಿಗೆಯ ಮೂಲೆಯಾದರೂ ಸಾಕು, ಹಳೆ ಗೂಡಿನಿಂದ ದೂರವಿರಲಿ. ನೀರಿನ ಪಾತ್ರೆ, ಹಿಡಿಸೂಡಿ ಬೇರೆ ಬೇರೆ. ಮೊದಲು ಹಳೆ ಕೋಳಿಗಳ ಕೆಲಸ ಮುಗಿಸಿ ಅನಂತರ ಮರಿಗಳ ಬಳಿ ಹೋಗಿ. ರೋಗ ನಮ್ಮ ಪಾದದಲ್ಲೇ ನಡೆದು ಬರುತ್ತದೆ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿ ಹಾಕುವ ಲಸಿಕೆಯಿದೆ. ಸುಮಾರು 8 ವಾರವಾದಾಗ ಚರ್ಮದಡಿ ಚುಚ್ಚುವ ಲಸಿಕೆಯೂ ಇದೆ. ಹಳೆಯವುಗಳಿಗೆ ಯಾವಾಗ ಹಾಕಿಸಬೇಕೆಂದು ಪಶುವೈದ್ಯರನ್ನು ಕೇಳಿ. ರೋಗ ಬಂದ ಮೇಲೆ ಮದ್ದಿಲ್ಲ. ಹಳೆ ಕೋಳಿಗಳಿಂದ ಮರಿಗಳಿಗೂ ಅಪಾಯವುಂಟು: ಒದ್ದೆ ಹಿಕ್ಕೆಯಿರುವ ಗೂಡಿನಿಂದ ರಕ್ತಭೇದಿ ತಗಲುತ್ತದೆ. ನೆಲ ಒಣಗಿರಬೇಕು.

ಇನ್ನು ಜಗಳದ ಮಾತು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಕಟ್ಟುನಿಟ್ಟಿನ ಮೇಲು-ಕೀಳು ಇದೆ. ನಾರ್ವೆಯ ಷೆಲ್ಡರಪ್-ಎಬ್ಬೆ ಎಂಬವರು 1920ರ ದಶಕದ ಆರಂಭದಲ್ಲಿ ಇದನ್ನು ಬರೆದಿಟ್ಟರು. ನಮ್ಮ ಅಜ್ಜಿಯಂದಿರಿಗೆ ಅದಕ್ಕೂ ಮೊದಲೇ ಗೊತ್ತಿತ್ತೆನ್ನಿ! ತಾನೇ ಮರಿ ಮಾಡಿದ ಹೇಂಟೆ ತನ್ನ ಮರಿಗಳ ಹತ್ತಿರ ಬೇರೆ ಕೋಳಿಗಳನ್ನು ಬರಗೊಡುವುದಿಲ್ಲ. ಕೊಂಡು ತಂದ ಮರಿಗೆ ತಾಯಿಯಿಲ್ಲ. ಆ ಕೆಲಸ ನಮ್ಮದು.

ಬೇರೆ ಇಡುವ ಅವಧಿ ಮುಗಿದಾಗ ಮರಿಗಳಿಗೆ 3 ತಿಂಗಳಾಗಿರುತ್ತದೆ, ಮೈ ಗಟ್ಟಿಯಾಗಿರುತ್ತದೆ. ಆಗ ಹಳೆ ಗೂಡಿನ ಪಕ್ಕದಲ್ಲೇ ಬಲೆ ಕಟ್ಟಿ ಒಂದು ವಾರ ಪರಸ್ಪರ ನೋಡಲು ಬಿಡಿ. ಬಳಿಕ ಎಲ್ಲವನ್ನೂ ಸಂಜೆ ಅಂಗಳಕ್ಕೆ ಬಿಡಿ. ಅಂಗಳ ಅಗಲವಿದ್ದರೆ ಓಡಲು ಜಾಗವಿರುತ್ತದೆ. ರಾತ್ರಿ ಕತ್ತಲಾದ ಮೇಲೆ ಮರಿಗಳನ್ನು ಎತ್ತಿ ಅಡ್ಡಗೋಲಿನ ಮೇಲೆ ಕೂರಿಸಿ. ಬೆಳಿಗ್ಗೆ ಬೇಗನೆ ಬಾಗಿಲು ತೆರೆಯಲು ಮರೆಯಬೇಡಿ. ಮುಚ್ಚಿದ ಗೂಡಿನಲ್ಲೇ ಹೆಚ್ಚು ಪೆಟ್ಟಾಗುವುದು.

ಅಂಗಳದ ಮೂಲೆಯಲ್ಲಿ ಅಡಿಕೆ ಸಲಾಕೆಯ ಬೇಲಿ ಮಾಡಿ, ಮರಿ ನುಸುಳುವಷ್ಟು, ಹೇಂಟೆ ನುಸುಳದಷ್ಟು ಸಂದು ಬಿಡಿ. ಮರಿಗಳ ಆಹಾರ ಅದರೊಳಗೆ. ಮೊಟ್ಟೆಕೋಳಿಯ ಆಹಾರದಲ್ಲಿ ಸುಣ್ಣದಂಶ ಹೆಚ್ಚು, ಅದು ಮರಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ಬೇಲಿ ಕಷ್ಟವೆನಿಸಿದರೆ ಎಲ್ಲವಕ್ಕೂ ಬೆಳೆಯುವ ಮರಿಗಳ ಆಹಾರವನ್ನೇ ಹಾಕಿ, ಹೇಂಟೆಗಳಿಗೆಂದು ಪುಡಿ ಮಾಡಿದ ಮರುವಾಯಿ ಚಿಪ್ಪನ್ನು ಬೇರೆ ಪಾತ್ರೆಯಲ್ಲಿಡಿ. ನೀರು ಎರಡು ಮೂರು ಕಡೆ ಇರಲಿ.

ಒಂದೆರಡು ಕುಕ್ಕು, ಸ್ವಲ್ಪ ಅಟ್ಟಾಟ ಇದ್ದೇ ಇರುತ್ತದೆ; ಕೈ ಹಾಕಬೇಡಿ. ರಕ್ತ ಕಂಡರೆ ಮಾತ್ರ ತಡಮಾಡದೆ ಆ ಮರಿಯನ್ನು ತೆಗೆಯಿರಿ, ಕೆಂಪು ಕಂಡಲ್ಲಿ ಎಲ್ಲವೂ ಕುಕ್ಕುತ್ತವೆ. ಗಾಯ ಮಾಯ್ದ ಮೇಲೆ ಅದನ್ನು ಒಂಟಿಯಾಗಿ ಬಿಡದೆ, ಇನ್ನೊಂದು ಮರಿಯ ಜತೆಯಲ್ಲಿ ಸೇರಿಸಿ.