ಬಿಪಿ ನೋಡುವ ಮೊದಲು ಕೂರಿಸಿ

ಬೆಳಗಾವಿಯಲ್ಲಿ ನರ್ಸಿಂಗ್ ಓದುತ್ತ, ಖಾನಾಪುರ ತಾಲ್ಲೂಕಿನ ಹಳ್ಳಿಗಳಿಗೆ ಮೊದಲ ಸಲ ಬಿಪಿ ಯಂತ್ರ ಹಿಡಿದು ಹೊರಟವರಿಗಾಗಿ ಇದು. ಗುಳಿಗೆ ಬರೆದುಕೊಡುವುದು ಡಾಕ್ಟರ ಕೆಲಸ. ಅವರ ಮುಂದೆ ಸರಿಯಾದ ಅಂಕಿ ಇಡುವುದು ನಿಮ್ಮದು.

ಹಂತ 1: ಕೂರಿಸಿ. ಬಸ್ಸಿಳಿದು ನಡೆದು ಬಂದವರ ತೋಳಿಗೆ ಕೂಡಲೇ ಪಟ್ಟಿ ಕಟ್ಟಬೇಡಿ. ಮೂತ್ರಕ್ಕೆ ಹೋಗಿ ಬರಲಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಸುಮ್ಮನಿರಲಿ. ಚಹಾ, ತಂಬಾಕು ಆಗಿ ಅರ್ಧ ಗಂಟೆಯಾದರೂ ಕಳೆದಿರಬೇಕು.

ಹಂತ 2: ಅಳೆಯಿರಿ. ತೋಳು ಬರಿದಾಗಿ, ಎದೆಯ ಮಟ್ಟಕ್ಕಿರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿಯೂ ಕಾಣುತ್ತದೆ. ಅಳೆಯುವಾಗ ಮಾತು ಬೇಡ, ನಿಮ್ಮದೂ. ಮೊದಲ ಭೇಟಿಯಲ್ಲಿ ಎರಡೂ ತೋಳು ನೋಡಿ; ಹೆಚ್ಚು ಬಂದ ತೋಳನ್ನೇ ಮುಂದೆಯೂ ಹಿಡಿಯಿರಿ. ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಿರಿ. 146 ಬಂದರೆ 146 ಎಂದೇ ಬರೆಯಿರಿ, 140 ಅಲ್ಲ. ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಡಾಕ್ಟರಿಗೆ ತೋರಿಸಿ.

ಹಂತ 3: ಕೇಳಿ. ಹೊಸಬರು ಅವಸರ ಮಾಡುವುದು ಇಲ್ಲೇ. ‘ತಂಬಾಕು ತಿಂತೀರೇನ್ರಿ?’ ಎಂದರೆ ಅಜ್ಜಿ ಇಲ್ಲವೆನ್ನುತ್ತಾಳೆ, ಸುಳ್ಳೂ ಅಲ್ಲ. ‘ಮಾವಶಿ, ಮಿಶ್ರಿ ಹಚ್ಚತೀರೇನ್ರಿ?’ ಎಂದು ಕೇಳಿ ನೋಡಿ. ಸೆರಗಿನ ಗಂಟಿನಿಂದ ಡಬ್ಬಿಯೇ ಹೊರಬಂದೀತು. ಹಲ್ಲಿಗೆ ತಿಕ್ಕುವ ಆ ಕರಿಪುಡಿ ಸುಟ್ಟ ತಂಬಾಕೇ. ಮರಾಠಿ ಮನೆಗಳಲ್ಲಿ ಮರಾಠಿಯಲ್ಲೇ ಕೇಳಿ. ಮೈಕೈ ನೋವಿಗೆ ಅಂಗಡಿಯಿಂದ ತಾವೇ ತಂದು ನುಂಗುವ ಗುಳಿಗೆಯ ಬಗ್ಗೆಯೂ ವಿಚಾರಿಸಿ. ಡೈಕ್ಲೋಫಿನಾಕ್‌ನಂಥವು ಬಿಪಿ ಏರಿಸುತ್ತವೆ.

ಉಪ್ಪಿನ ಲೆಕ್ಕಕ್ಕೆ ‘ಎಷ್ಟು ಹಾಕ್ತೀರಿ?’ ಎಂಬ ಪ್ರಶ್ನೆಯಿಂದ ಉಪಯೋಗವಿಲ್ಲ, ಎಲ್ಲರೂ ‘ಸ್ವಲ್ಪ’ ಎನ್ನುತ್ತಾರೆ. ಒಂದು ಕಿಲೋ ಪಾಕೀಟು ಎಷ್ಟು ದಿನ ಬರುತ್ತದೆ ಕೇಳಿ. ತಲೆಗೆ ದಿನಕ್ಕೆ 5 ಗ್ರಾಂ ಮಿತಿಯೆಂದರೆ ಐದು ಜನರ ಮನೆಗೆ 40 ದಿನ ಬರಬೇಕು. ಇಪ್ಪತ್ತೇ ದಿನಕ್ಕೆ ಖಾಲಿಯಾದರೆ ಉತ್ತರ ಸಿಕ್ಕಿತು. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪು ಬೇರೆ.

ಹಂತ 4: ಗುಳಿಗೆ ಎಣಿಸಿ. ಮಿಕ್ಕಿದ್ದರೆ ಏಕೆಂದು ಕೇಳಿ. ‘ಆರಾಮ ಆಗೇತ್ರಿ, ಬಿಟ್ಟೀನಿ’ ಎಂಬ ಮಾತು ನೀವು ಕೇಳಿಯೇ ಕೇಳುತ್ತೀರಿ. ಗುಳಿಗೆ ನುಂಗುತ್ತಿದ್ದುದರಿಂದಲೇ ಬಿಪಿ ಇಳಿದಿತ್ತು ಎಂದು ಮನೆಯವರೆದುರು ಹೇಳಿ. ಅಮ್ಲೋಡಿಪಿನ್‌ನಿಂದ ಪಾದ ಊದಿದರೆ, ಎದ್ದು ನಿಂತಾಗ ತಲೆ ತಿರುಗಿದರೆ ಬರೆದುಕೊಂಡು ಡಾಕ್ಟರಿಗೆ ತಿಳಿಸಿ, ನೀವಾಗಿ ನಿಲ್ಲಿಸಬೇಡಿ. ಭೀಮಗಡ ಕಾಡಿನೊಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ. ಅಲ್ಲಿಯವರಿಗೆ ಜೂನ್‌ಗೆ ಮುಂಚೆಯೇ ಹೆಚ್ಚಿನ ಗುಳಿಗೆ ಕೊಡಿಸುವಂತೆ ಡಾಕ್ಟರನ್ನು ಕೇಳಿ.

ಹಂತ 5: ಅಪಾಯ. 180/120 ದಾಟಿದ್ದರೆ ಮತ್ತೆ ಕೂರಿಸಿ, ಇನ್ನೊಮ್ಮೆ ನೋಡಿ. ಇಳಿಯದಿದ್ದರೆ, ತೊಂದರೆ ಕಾಣದಿದ್ದರೂ, ಅಂದೇ ಡಾಕ್ಟರಿಗೆ ತೋರಿಸಿ. ಎದೆನೋವು, ಏದುಸಿರು, ಸೊಟ್ಟಗಾದ ಬಾಯಿ, ತೊದಲು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ಅಂಕಿ ಎಷ್ಟೇ ಇರಲಿ, 108ಕ್ಕೆ ಕರೆ ಮಾಡಿ. ಬಾಯಿಗೆ ನೀರನ್ನೂ ಹಾಕಬೇಡಿ. ಬಿಪಿ ಇಳಿಸಲು ನಾಲಿಗೆ ಕೆಳಗೆ ಕ್ಯಾಪ್ಸೂಲ್ ಒಡೆದು ಹಾಕುವ ಹಳೆಯ ರೂಢಿ ಬೇಡ, ಬಿಪಿ ಒಮ್ಮೆಲೇ ಕುಸಿದು ಮಿದುಳಿಗೆ ರಕ್ತ ಸಾಲದಾದೀತು. ಲಕ್ಷಣ ಶುರುವಾದ ಹೊತ್ತನ್ನು ಚೀಟಿಯಲ್ಲಿ ಬರೆದು ಆಂಬುಲೆನ್ಸ್‌ನವರ ಕೈಗೆ ಕೊಡಿ. ಬೆಳಗಾವಿಯ ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಅದನ್ನು.