ವಾರ್ಷಿಕೋತ್ಸವದ ಊಟ: ಹೊಲದಿಂದ ಎಲೆಯವರೆಗೆ

ದೇವಾಲಯದ ವಾರ್ಷಿಕೋತ್ಸವ ಬಂತೆಂದರೆ ಸಿದ್ಧತೆಗಳು ಒಂದೆರಡಲ್ಲ. ಗೋಡೆಗೆ ಸುಣ್ಣ ಬಣ್ಣ, ಗಾನವೃಂದದ ಅಭ್ಯಾಸ, ಒಂಬತ್ತು ದಿನಗಳ ನೊವೇನ, ಪಾಪನಿವೇದನೆ, ಪರಊರಿನಲ್ಲಿರುವ ಮಕ್ಕಳಿಗೂ ಬೀಗರಿಗೂ ಕರೆ. ಇವುಗಳ ಜೊತೆಗೆ ಇನ್ನೊಂದು ದೊಡ್ಡ ಕೆಲಸವಿದೆ. ಅದು ಬಲಿಪೂಜೆಯ ನಂತರ ನೂರಾರು ಜನ ಒಟ್ಟಿಗೆ ಕುಳಿತು ಉಣ್ಣುವ ಊಟ. ರಾಯದುರ್ಗ, ಮಡಕಶಿರಾ ಸೀಮೆಯ ರೈತ ಕುಟುಂಬಗಳಾದ ನಾವು ಈ ಊಟವನ್ನು ಸಾಲವಿಲ್ಲದೆ, ರೋಗಕ್ಕೆ ಎಡೆಗೊಡದೆ ನಡೆಸುವುದು ಹೇಗೆಂದು ಈ ಸಲ ತಿಳಿಯೋಣ.

ಜೂಬಿಲಿ ಎಂದರೇನು?

25 ವರ್ಷಕ್ಕೆ ಬೆಳ್ಳಿಹಬ್ಬ, 50ಕ್ಕೆ ಚಿನ್ನದ ಹಬ್ಬ ಎನ್ನುತ್ತೇವೆ. ನೆರೆಯ ಬಳ್ಳಾರಿ ಧರ್ಮಪ್ರಾಂತ್ಯ 1949ರಲ್ಲಿ ಸ್ಥಾಪನೆಯಾಗಿ 2024ಕ್ಕೆ 75 ವರ್ಷ ತುಂಬಿತು. ಆದರೆ ಜೂಬಿಲಿಯ ಬೇರು ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿದೆ. ಅಲ್ಲಿನ ಕಟ್ಟಳೆಯಂತೆ ಏಳು ವರ್ಷಕ್ಕೊಮ್ಮೆ ಭೂಮಿಗೆ ವಿಶ್ರಾಂತಿ. ಹೀಗೆ ಏಳು ಸುತ್ತು ಕಳೆದ ಮೇಲೆ 50ನೆಯ ವರ್ಷ ಜೂಬಿಲಿ. ಆಗ ಬಡತನದಿಂದ ಮಾರಿದ ಜಮೀನು ಮೂಲ ಕುಟುಂಬಕ್ಕೆ ಮರಳಬೇಕು. ಜೀತಕ್ಕೆ ಬಿದ್ದವನು ಮಕ್ಕಳೊಡನೆ ತನ್ನ ಮನೆಗೆ ಹೋಗಬೇಕು. ಅಂದರೆ ಜೂಬಿಲಿ ಮೊದಲಿಗೆ ಮಣ್ಣಿಗೂ ಬಡ ರೈತನಿಗೂ ಬಿಡುಗಡೆ ಕೊಟ್ಟ ಹಬ್ಬ. ಅದೇ ಹೆಸರಿನಲ್ಲಿ ಒಂದು ಮನೆಯವರು ಬಡ್ಡಿಗೆ ಹಣ ತಂದು ಚಂದಾ ಕೊಡುವಂತಾದರೆ ಹಬ್ಬದ ಅರ್ಥವೇ ಕೆಡುತ್ತದೆ. ಆದ್ದರಿಂದ ಹಣಕ್ಕಿಂತ ಮೊದಲು ಧಾನ್ಯದ ಲೆಕ್ಕ ಹಾಕೋಣ.

1. ಸಿದ್ಧತೆ ಮುಂಗಾರಿನಲ್ಲೇ ಆಗಲಿ

ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಅದೂ ನಂಬಿಕೆಯದಲ್ಲ. ಇಡೀ ಹೊಲಕ್ಕೆ ಕಡಲೆಕಾಯಿ (ಶೇಂಗಾ) ಒಂದನ್ನೇ ಬಿತ್ತಿದಾಗ, ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೀಜದ ಖರ್ಚೂ ಹುಟ್ಟುವುದಿಲ್ಲ. ಹಿರಿಯರು ಹಾಕುತ್ತಿದ್ದ ಅಕ್ಕಡಿ ಸಾಲುಗಳನ್ನು ಮತ್ತೆ ತರೋಣ. ಏಳೆಂಟು ಸಾಲು ಕಡಲೆಕಾಯಿಗೆ ಒಂದು ಸಾಲು ತೊಗರಿ ಇರಲಿ. ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ತಡವಾಗಿ ಬಂದ ಮಳೆಯನ್ನೂ ಬಳಸಿಕೊಳ್ಳುತ್ತದೆ. ಉದುರಿದ ಎಲೆ ಮಣ್ಣಿಗೆ ಗೊಬ್ಬರವಾಗುತ್ತದೆ. ಹೊಲದ ಒಂದು ಮೂಲೆಗೆ ನವಣೆ ಅಥವಾ ಕೊರಲೆ ಬಿತ್ತಿರಿ. ನವಣೆ 80-90 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಕೊರಲೆ ಹುಣಸೆಮರದ ನೆರಳಿನಲ್ಲಿಯೂ ಬೆಳೆಯುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಮಗಂತೂ ಇವು ಮನೆಯ ಧಾನ್ಯಗಳೇ.

ಲೆಕ್ಕ ಸುಲಭ. ಊಟಕ್ಕೆ 500 ಜನ ಬಂದರೆ, ತಲೆಗೆ 150 ಗ್ರಾಂನಂತೆ 75 ಕಿಲೋ ನವಣೆ ಅಕ್ಕಿ, 40 ಗ್ರಾಂನಂತೆ 20 ಕಿಲೋ ತೊಗರಿಬೇಳೆ ಬೇಕು. 40 ಮನೆಗಳು ತಲಾ ಎರಡು ಕಿಲೋ ನವಣೆ ಅಕ್ಕಿ, ಅರ್ಧ ಕಿಲೋ ಬೇಳೆ ತಂದರೆ ಸಾಕು. ಬೆಳೆ ಕೈಗೆ ಬಾರದ ಮನೆಯವರು ಸೌದೆ ತರಲಿ, ನೀರು ಹೊರಲಿ, ಬಡಿಸಲಿ. ಅವರ ಕಾಣಿಕೆಯೂ ಸಮಾನವೇ.

2. ಬೂಷ್ಟು ಹಿಡಿದ ಕಾಯಿ ಬೇಡ

ಚಟ್ನಿಗೂ ಹೋಳಿಗೆಗೂ ಒಗ್ಗರಣೆಯ ಎಣ್ಣೆಗೂ ನಮಗೆ ಕಡಲೆಕಾಯಿಯೇ ಆಧಾರ. ಅದರ ಮೇಲೆ ಹಳದಿ-ಹಸಿರು ಬೂಷ್ಟು ಬೆಳೆದರೆ ಅಫ್ಲಟಾಕ್ಸಿನ್ ಎಂಬ ವಿಷ ಸೇರುತ್ತದೆ. ಹುರಿದರೂ ಬೇಯಿಸಿದರೂ ಇದು ಪೂರ್ತಿ ಹೋಗುವುದಿಲ್ಲ. ಗಾಣದ ಎಣ್ಣೆಗೂ ಸ್ವಲ್ಪ ಇಳಿಯುತ್ತದೆ. ಯಕೃತ್ತಿಗೆ ಇದು ಶತ್ರು. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ ಇದೇ ವಿಷ ಸೇರಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ಬರದಲ್ಲಿ ಬೆಂದ ಬೆಳೆಗೆ, ಗುದ್ದಲಿ ತಾಗಿದ ಕಾಯಿಗೆ ಈ ಬೂಷ್ಟು ಬೇಗ ಹತ್ತುತ್ತದೆ. ಕಿತ್ತ ಗಿಡಗಳನ್ನು ಕಾಯಿ ಮೇಲೆ ಬರುವಂತೆ ಹರಡಿ ಒಣಗಿಸಿ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನುವವರೆಗೆ ಬಿಸಿಲು ಬೇಕು. ಚೀಲಗಳನ್ನು ನೆಲಕ್ಕಿಡದೆ ಹಲಗೆಯ ಮೇಲಿಡಿ. ಸುಕ್ಕಿದ, ಬಣ್ಣ ಕೆಟ್ಟ, ಕಹಿ ಬೀಜಗಳನ್ನು ಆರಿಸಿ ತೆಗೆಯಿರಿ. ಅವನ್ನು ದನಕ್ಕೂ ಹಾಕಬೇಡಿ. ವಿಷ ಹಾಲಿಗೂ ಬರುತ್ತದೆ.

3. ನೀರು

ಅಡುಗೆಗೂ ಕುಡಿಯಲೂ ಯಾವ ನೀರೆಂದು ತಿಂಗಳ ಮೊದಲೇ ಗೊತ್ತುಮಾಡಿ, ಪರೀಕ್ಷೆ ಮಾಡಿಸಿ. ನಮ್ಮ ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಕುಡಿಯಬಾರದು. ಕುದಿಸಿದರೆ ಫ್ಲೋರೈಡ್ ಹೋಗದು. ಒಂದು ದಿನದ ಊಟದಿಂದ ಹಲ್ಲು, ಮೂಳೆ ಕೆಡುವುದಿಲ್ಲ ನಿಜ. ಆದರೆ ಹಬ್ಬಕ್ಕೆಂದು ಮಾಡಿಸಿದ ಪರೀಕ್ಷೆ ವರ್ಷವಿಡೀ ನಮ್ಮ ಮಕ್ಕಳಿಗೆ ಉಪಯೋಗ.

ಟ್ಯಾಂಕನ್ನು ತಿಕ್ಕಿ ತೊಳೆದು ತುಂಬಿಸಿ. 1,000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕು. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಅಳತೆಗೆ ಆರೋಗ್ಯ ಕಾರ್ಯಕರ್ತರ ನೆರವು ಪಡೆಯಿರಿ.

4. ಅಡುಗೆ ಮತ್ತು ಬಡಿಕೆ

ದೊಡ್ಡ ಊಟಗಳಲ್ಲಿ ವಾಂತಿ-ಬೇಧಿ ಬರುವುದು ಹೆಚ್ಚಾಗಿ ಹಿಂದಿನ ರಾತ್ರಿಯೇ ಬೇಯಿಸಿಟ್ಟ ಅನ್ನ ಮತ್ತು ಮಾಂಸದಿಂದ. ಮಾಡಿದ ಅಡುಗೆ ಎರಡು ಗಂಟೆಯೊಳಗೆ ಎಲೆಗೆ ಬರಲಿ. ಅಲ್ಲಿಯವರೆಗೆ ಬಿಸಿಯಾಗಿಯೇ ಇರಲಿ. ಪೂಜೆ, ಭಾಷಣಗಳು ಎಷ್ಟು ಹೊತ್ತಿಗೆ ಮುಗಿಯುತ್ತವೆಂದು ಗುರುಗಳನ್ನು ಕೇಳಿ ಒಲೆ ಹಚ್ಚಿರಿ. ಬೇಧಿ ಇರುವವರು, ಕೈಯಲ್ಲಿ ಹುಣ್ಣು, ಗಾಯ ಇರುವವರು ಅಡುಗೆಗೂ ಬಡಿಸಲೂ ನಿಲ್ಲುವುದು ಬೇಡ. ಊಟಕ್ಕೆ ಕೂರುವ ಜಾಗದಲ್ಲಿ ನೀರು, ಸಾಬೂನು ಇಡಿ. ಮುತ್ತುಗದ ಎಲೆಯಲ್ಲಿ ಬಡಿಸಿದರೆ ಉಂಡ ಎಲೆಯೂ ತಿಪ್ಪೆಗೆ ಸೇರಿ ಗೊಬ್ಬರವಾಗುತ್ತದೆ.

5. ಆದರೂ ಬೇಧಿ ಕಂಡರೆ

ತಡಮಾಡದೆ ಓ.ಆರ್.ಎಸ್. ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಸಮಮಟ್ಟದ ಚಮಚ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಟ್ಟಿದರೆ, ಮಗು ಕುಡಿಯಲಾರದೆ ಹೋದರೆ, ಬೇಧಿಯಲ್ಲಿ ರಕ್ತ ಕಂಡರೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.

ಪಾಲನಾ ಸಮಿತಿಯವರು ಮುಂದಿನ ಸಭೆಯಲ್ಲೇ ಮೂರು ಜವಾಬ್ದಾರಿ ಹಂಚಲಿ: ಧಾನ್ಯದ ಲೆಕ್ಕ ಒಬ್ಬರಿಗೆ, ನೀರು ಒಬ್ಬರಿಗೆ, ಅಡುಗೆಮನೆ ಒಬ್ಬರಿಗೆ. ಉಳಿದ ನವಣೆ, ತೊಗರಿಯನ್ನು ಬೀಜಕ್ಕೆಂದು ತೆಗೆದಿಟ್ಟು, ಬೆಳೆ ಕಳೆದುಕೊಂಡ ಮನೆಗಳಿಗೆ ಬರುವ ಮುಂಗಾರಿಗೆ ಕೊಡೋಣ. ಬೀಜ ಅವರ ಕೈ ಸೇರಿದ ದಿನ ನಮ್ಮ ಜೂಬಿಲಿ ಪೂರ್ಣವಾಗುತ್ತದೆ.