ಸರಿಸುವ ಗೋಡೆಯನ್ನು ಕೊಳ್ಳುವ ಮುನ್ನ

ಒಂದೇ ವಿಶಾಲ ಸಭಾಂಗಣವನ್ನು ಬೇಕಾದಾಗ ಎರಡಾಗಿ ವಿಭಾಗಿಸಿ, ಒಂದು ಪಾರ್ಶ್ವದಲ್ಲಿ ವಿವಾಹದ ಮಂಗಳವಾದ್ಯವೂ ಮತ್ತೊಂದರಲ್ಲಿ ಉಪನ್ಯಾಸವೂ ನಡೆಯಲೆಂಬ ಸದಾಶಯದಿಂದ ಶಬ್ದನಿರೋಧಕವಾದ ಸರಿಸುವ ಗೋಡೆಯನ್ನು ಹಾಕಿಸಲು ಹೊರಟಿರುವ ಕಲ್ಯಾಣಮಂಟಪದ ಆಡಳಿತಗಾರರಲ್ಲಿ ನನ್ನದೊಂದು ವಿನಂತಿಯುಂಟು: ಫಲಕದ ದಪ್ಪವನ್ನೂ ಹೊದಿಕೆಯ ಚೆಲುವನ್ನೂ ನೋಡುವುದಕ್ಕೆ ಮೊದಲು ಅದರ ಅಂಚುಗಳನ್ನು ಪರೀಕ್ಷಿಸಿರಿ. ಶಬ್ದವು ನೀರಿನಂತೆ ಬಿರುಕನ್ನು ಹುಡುಕಿ ಹರಿಯುವಂಥದು. ಗೋಡೆಯ ವಿಸ್ತೀರ್ಣದಲ್ಲಿ ನೂರರಲ್ಲೊಂದು ಪಾಲು ತೆರೆದಿದ್ದರೂ, ಉಳಿದ ಭಾಗವೆಷ್ಟೇ ಘನವಾಗಿರಲಿ, ಒಟ್ಟು ತಡೆಯು ಸುಮಾರು 20 ಡೆಸಿಬೆಲ್‌ಗಳನ್ನು ಮೀರಲಾರದು. ಆದುದರಿಂದ ಫಲಕವು ನಿಂತ ಬಳಿಕ ಮೇಲಣ ಹಳಿಗೂ ಕೆಳಗಣ ನೆಲಕ್ಕೂ ಚಾಚಿ ಒತ್ತಿಕೊಳ್ಳುವ ರಬ್ಬರಿನ ಪಟ್ಟಿಗಳಿವೆಯೇ, ನೆಲವು ಅದಕ್ಕೆ ತಕ್ಕಷ್ಟು ಸಮತಲವಾಗಿದೆಯೇ ಎಂಬುದನ್ನು ಕಣ್ಣಾರೆ ಕಾಣಬೇಕು.

ಇನ್ನು ಬಹುಜನರು ಮರೆಯುವ ಸ್ಥಳವೆಂದರೆ ಕೃತಕ ಚಾವಣಿಯ ಮೇಲಣ ಪೊಳ್ಳು: ಹಳಿಯ ನೇರಕ್ಕೆ ಅಲ್ಲಿ ನಿಜವಾದ ತಾರಸಿಯವರೆಗೂ ಭಾರವಾದ ಅಡ್ಡಗೋಡೆಯನ್ನು ಕಟ್ಟದಿದ್ದರೆ, ಅಷ್ಟು ಹಣವನ್ನು ವೆಚ್ಚಮಾಡಿ ತಂದ ಗೋಡೆಯ ನೆತ್ತಿಯ ಮೇಲಿಂದಲೇ ಧ್ವನಿಯು ದಾಟುವುದು. ಎರಡೂ ಭಾಗಗಳಿಗೆ ಹಾಯುವ ಹವಾನಿಯಂತ್ರಣದ ಕೊಳವೆಯ ಮೂಲಕವೂ ಹಾಗೆಯೇ ದಾಟುವುದು.

ಮಾರಾಟಗಾರರು ತೋರಿಸುವ ಶಬ್ದತಡೆಯ ಅಂಕಿ ಪ್ರಯೋಗಾಲಯದ್ದು; ಕಟ್ಟಡದೊಳಗೆ ಅದು ಸಾಮಾನ್ಯವಾಗಿ ಕುಗ್ಗುವುದರಿಂದ, ಜೋಡಣೆಯಾದ ಮೇಲೆ ಸ್ಥಳದಲ್ಲಿಯೇ ಅಳೆದು ತೋರಿಸತಕ್ಕದ್ದೆಂಬ ಷರತ್ತನ್ನು ಕರಾರಿನಲ್ಲಿ ಬರೆಯಿಸಿಕೊಳ್ಳಿರಿ. ಡೋಲಿನ ಮಂದ್ರನಾದವನ್ನು ಮಾತ್ರ ಇಂಥ ಹಗುರ ಫಲಕವು ಪೂರ್ಣವಾಗಿ ತಡೆಯದು. ಮುಹೂರ್ತದ ಗಟ್ಟಿಮೇಳದ ವೇಳೆಗೆ ಪಕ್ಕದ ಭಾಗವನ್ನು ಉಪನ್ಯಾಸಕ್ಕೆ ಬಾಡಿಗೆ ಕೊಡದಿರುವುದೇ ಉಚಿತ.